ಪಲೆರ್ಮೊದಲ್ಲಿ ಊಟ ಎಲ್ಲಿ? ಅರಬರು ಬಿಟ್ಟುಹೋದ ರುಚಿ, ಕಣ್ಣಿಗೆ ಕಾಣದ ಹಂದಿ ಕೊಬ್ಬು

ಹಡಗಿನ ಕೆಲಸಕ್ಕೆಂದು, ಓದಿಗೆಂದು, ಪ್ರವಾಸಕ್ಕೆಂದು ಇಟಲಿಗೆ ಹೋಗುವವರು ಕಾಸರಗೋಡು, ಮಂಗಳೂರು ಕಡೆ ಈಗ ಅಪರೂಪವಲ್ಲ. ಹೋದವರಲ್ಲಿ ಹಲವರ ಊಟದ ಕಥೆ ಮಾತ್ರ ಒಂದೇ. ಎಲ್ಲಿ ಹೋದರೂ ಹಂದಿ ಮಾಂಸದ ಭಯ. ಹಾಗಾಗಿ ಮೂರು ಹೊತ್ತೂ ಕೆಬಾಬ್ ಅಂಗಡಿ ಹುಡುಕುವುದು, ಅದು ಸಿಗದಿದ್ದರೆ ಬಾಳೆಹಣ್ಣು, ಬಿಸ್ಕತ್ತಿನಲ್ಲಿ ದಿನ ದೂಡುವುದು. ಇನ್ನು ಕೆಲವರದ್ದು ಇದಕ್ಕೆ ತದ್ವಿರುದ್ಧ. ಮಾಂಸ ಕಾಣದಿದ್ದರೆ ಸಾಕು, ಏನನ್ನೂ ಕೇಳದೆ ತಿಂದುಬಿಡುತ್ತಾರೆ.

ಇಟಲಿಯ ಸಿಸಿಲಿ ದ್ವೀಪದ ರಾಜಧಾನಿ ಪಲೆರ್ಮೊ ನಗರದಲ್ಲಿ ಈ ಎರಡೂ ದಾರಿ ಬೇಕಾಗಿಲ್ಲ. ಕಡಲ ದಡದ ಈ ನಗರದ ಹಳೆಯ ಅಡುಗೆ ನಿಂತಿರುವುದೇ ಕಡ್ಲೆ ಹಿಟ್ಟು, ಮೀನು, ಬದನೆ, ಎಳ್ಳು, ಬಾದಾಮಿ, ಕಿತ್ತಳೆ, ನಿಂಬೆಯ ಮೇಲೆ. ಅದರಲ್ಲಿ ಹಲವನ್ನು ಆ ನೆಲಕ್ಕೆ ತಂದವರು ಅಥವಾ ಅಲ್ಲಿ ಬೆಳೆಸಿ ಹರಡಿದವರು ಮುಸ್ಲಿಮರು. ಆದರೆ ನಂತರದ ಶತಮಾನಗಳಲ್ಲಿ ಅದೇ ಅಡುಗೆಯೊಳಗೆ ಹಂದಿ ಕೊಬ್ಬು ಮತ್ತು ವೈನ್ ಸೇರಿಕೊಂಡಿವೆ. ಅವು ಎಲ್ಲಿವೆ, ಎಲ್ಲಿಲ್ಲ ಎಂದು ತಿಳಿದುಕೊಂಡರೆ ಪಲೆರ್ಮೊದ ಊರವರ ಊಟವನ್ನೇ ನಿಶ್ಚಿಂತೆಯಿಂದ ಮಾಡಬಹುದು.

ಬಲರ್ಮ್ ಎಂದಿದ್ದ ಪಲೆರ್ಮೊ

ಕ್ರಿ.ಶ. 827ರಲ್ಲಿ ಇಂದಿನ ಟ್ಯುನೀಷಿಯಾದ ಅಗ್ಲಬಿ ಆಡಳಿತಗಾರರ ಸೇನೆ ಸಿಸಿಲಿಯ ಮಝಾರ ತೀರದಲ್ಲಿ ಇಳಿಯಿತು. 831ರಲ್ಲಿ ಪಲೆರ್ಮೊ ಅವರ ವಶವಾಯಿತು. ಅರಬರು ಅದನ್ನು ಬಲರ್ಮ್ ಎಂದು ಕರೆದರು. 1072ರಲ್ಲಿ ನಾರ್ಮನ್ನರು ಗೆಲ್ಲುವ ತನಕ, ಅಂದ್ರೆ ಸುಮಾರು 240 ವರ್ಷ, ಅದು ಮುಸ್ಲಿಮ್ ಆಡಳಿತದ ನಗರ. 10ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ಇಬ್ನ್ ಹೌಕಲ್ ಊರಿನಲ್ಲಿ ಸುಮಾರು 300 ಮಸೀದಿಗಳಿವೆ ಎಂದು ಬರೆದಿದ್ದಾನೆ. ಊರಿನವರು ಹಸಿ ಈರುಳ್ಳಿಯನ್ನು ವಿಪರೀತ ತಿನ್ನುತ್ತಾರೆ, ಅದರಿಂದಲೇ ಅವರ ಬುದ್ಧಿ ಮಂಕಾಗಿದೆ ಎಂದು ಬೈದವನೂ ಅವನೇ! ಪಲೆರ್ಮೊದವರಿಗೆ ಈರುಳ್ಳಿಯ ಮೇಲಿನ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ.

ಅರಬರ ಕಾಲದಲ್ಲಿ ನೀರಾವರಿ ಬಂತು. ಕಹಿ ಕಿತ್ತಳೆ, ನಿಂಬೆ, ಕಬ್ಬು, ಬದನೆ ಸಿಸಿಲಿಯ ತೋಟಗಳಲ್ಲಿ ಬೆಳೆದವು. ಪದಗಳೂ ಉಳಿದುಕೊಂಡವು. ಸಿಸಿಲಿಯ ಆಡುಮಾತಿನಲ್ಲಿ ತೋಟದ ನೀರಿನ ತೊಟ್ಟಿಗೆ ‘ಜೆಬ್ಬಿಯ’ ಅನ್ನುತ್ತಾರೆ, ಅದು ಅರಬಿಯ ಜಾಬಿಯಾ. ಎಳ್ಳಿಗೆ ‘ಜುಜ್ಜುಲೇನ’, ಅದು ಜುಲ್ಜುಲಾನ್. ಒಂದು ಜಾತಿಯ ದ್ರಾಕ್ಷಿಗೆ ‘ಝಿಬಿಬ್ಬೊ’, ಅದು ಝಬೀಬ್. ಪಾಪದವನಿಗೆ ‘ಮಿಸ್ಕೀನು’ ಅನ್ನುತ್ತಾರೆ. ಈ ಪದವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಾಸ್ತಾದ ವಿಷಯಕ್ಕೂ ಇಲ್ಲೊಂದು ದಾಖಲೆ ಇದೆ. ನಾರ್ಮನ್ ರಾಜ ಎರಡನೇ ರೋಜರ್‌ನ ಆಸ್ಥಾನದಲ್ಲಿದ್ದ ಭೂಗೋಳ ವಿದ್ವಾಂಸ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ, ಪಲೆರ್ಮೊ ಸಮೀಪದ ತ್ರಾಬಿಯ ಎಂಬ ಊರಿನಲ್ಲಿ ‘ಇತ್ರಿಯ’ ಎಂಬ ಶಾವಿಗೆಯಂಥ ತಿನಿಸು ತಯಾರಾಗುತ್ತದೆ, ಅದನ್ನು ಹಡಗುಗಳಲ್ಲಿ ಕಲಾಬ್ರಿಯಕ್ಕೂ ಮುಸ್ಲಿಮ್ ನಾಡುಗಳಿಗೂ ಕಳಿಸುತ್ತಾರೆ ಎಂದು ಬರೆದಿದ್ದಾನೆ. ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಎಂಬ ಕಥೆ ಕೇಳಿದ್ದೀರಲ್ಲ? ಅವನು ಹುಟ್ಟಿದ್ದೇ ಈ ಗ್ರಂಥ ಬರೆದು ಸುಮಾರು ನೂರು ವರ್ಷ ಆದ ಮೇಲೆ.

13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡ್ರಿಕ್ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಮುಖ್ಯ ಭೂಮಿಯ ಲುಚೇರ ಎಂಬ ಊರಿಗೆ ಗಡೀಪಾರು ಮಾಡಿದ. ಜನ ಹೋದರು, ಅಡುಗೆ ಉಳಿಯಿತು.

ಮೊದಲು ಇದನ್ನು ತಿಳಿದುಕೊಳ್ಳಿ

ಅಂಗಡಿಗಳ ಹೆಸರಿಗಿಂತ ಮುಂಚೆ ಒಂದು ಪದ ಬಾಯಿಪಾಠ ಮಾಡಿಕೊಳ್ಳಿ: ‘ಸ್ತ್ರುತ್ತೊ’. ಅಂದ್ರೆ ಹಂದಿ ಕೊಬ್ಬು. ನಮ್ಮಲ್ಲಿ ಡಾಲ್ಡಾ, ತುಪ್ಪ ಹಾಕುವ ಜಾಗದಲ್ಲಿ ಸಿಸಿಲಿಯ ಹಳೆಯ ಬೇಕರಿಗಳಲ್ಲಿ ಇದನ್ನು ಹಾಕುತ್ತಾರೆ. ಬಣ್ಣದಲ್ಲಿ ಕಾಣುವುದಿಲ್ಲ, ವಾಸನೆಯಲ್ಲೂ ಗೊತ್ತಾಗುವುದಿಲ್ಲ.

ಪಲೆರ್ಮೊದ ಬಾರ್‌ಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೆತ್ತನೆಯ ಬನ್ ತರಹದ ತಿಂಡಿಗಳನ್ನು ಜೋಡಿಸಿಟ್ಟಿರುತ್ತಾರೆ. (ಅಲ್ಲಿ ಬಾರ್ ಅಂದರೆ ಕಾಫಿ, ತಿಂಡಿಯ ಅಂಗಡಿ.) ಇವುಗಳಿಗೆ ಒಟ್ಟಾಗಿ ‘ರೊಸ್ತಿಚ್ಚೆರಿಯ’ ಎಂದು ಹೆಸರು. ಒಳಗೆ ಬರೀ ಪಾಲಕ್, ಬರೀ ಚೀಸ್ ಇದ್ದರೂ ಹಿಟ್ಟು ಕಲಸುವಾಗಲೇ ಸ್ತ್ರುತ್ತೊ ಹಾಕುವುದು ಇಲ್ಲಿನ ಹಳೆಯ ಕ್ರಮ. ‘ಸಸ್ಯಾಹಾರ’ ಅಂತ ಅಂದುಕೊಂಡು ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ.

ಎರಡನೆಯದು ‘ಪ್ರೊಶುತ್ತೊ’. ಇದು ಹಂದಿಯ ತೊಡೆ ಮಾಂಸ. ಚೂರು ಚೂರಾಗಿ ಕತ್ತರಿಸಿ ಅನ್ನದುಂಡೆಯೊಳಗೆ, ಆಲೂಗಡ್ಡೆಯೊಳಗೆ ಸೇರಿಸುತ್ತಾರೆ.

ಮೂರನೆಯದು ವೈನ್. ಚಿಪ್ಪು ಮೀನು, ಮರುವಾಯಿ ಬೇಯಿಸುವಾಗ ಒಂದು ಲೋಟ ಬಿಳಿ ವೈನ್ ಸುರಿಯುವುದು ಇಟಲಿಯ ಅಡುಗೆಮನೆಯಲ್ಲಿ ಮಾಮೂಲಿ. ಮೆನುವಿನಲ್ಲಿ ಅದನ್ನು ಬರೆದಿರುವುದೂ ಇಲ್ಲ.

ಯುರೋಪಿಯನ್ ಒಕ್ಕೂಟದ ಕಾನೂನಿನಂತೆ ಹೋಟೆಲ್‌ಗಳು 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಬೇಕು. ಗೋಧಿ, ಮೊಟ್ಟೆ, ಹಾಲು, ಮೀನು, ಎಳ್ಳು ಎಲ್ಲ ಆ ಪಟ್ಟಿಯಲ್ಲಿವೆ. ಹಂದಿ ಅದರಲ್ಲಿ ಇಲ್ಲ. ಯಾಕೆಂದರೆ ಅದು ಅಲರ್ಜಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮೆನುವಿನ ಕೆಳಗಿನ ಸಂಖ್ಯೆಗಳನ್ನು ನೋಡಿ ನೆಮ್ಮದಿ ಪಡಬೇಡಿ, ಬಾಯಿಬಿಟ್ಟು ಕೇಳಿ. ಪ್ಯಾಕೆಟ್ ತಿಂಡಿಯಾದರೆ ಪದಾರ್ಥಗಳ ಪಟ್ಟಿಯಲ್ಲಿ ‘ಸ್ತ್ರುತ್ತೊ’ ಎಂಬ ಪದವನ್ನೇ ಹುಡುಕಬಹುದು.

ಕೋಳಿ, ಆಡು, ದನದ ಮಾಂಸದ್ದು ಬೇರೆಯೇ ಪ್ರಶ್ನೆ. ಸಾಮಾನ್ಯ ಹೋಟೆಲ್‌ನ ಮಾಂಸ ಝಬೀಹ ಆಗಿರುವುದಿಲ್ಲ. ಚೀಸ್ ಗಟ್ಟಿಯಾಗಿಸಲು ಬಳಸುವ ರೆನೆಟ್ ಕೂಡ ಸಿಸಿಲಿಯಲ್ಲಿ ಹೆಚ್ಚಾಗಿ ಕುರಿಮರಿ, ಆಡಿನಮರಿಯ ಹೊಟ್ಟೆಯಿಂದ ತೆಗೆದದ್ದು. ಇವುಗಳ ವಿಧಿ ಏನು ಎಂಬುದನ್ನು ಹೊರಡುವ ಮೊದಲೇ ನಿಮ್ಮ ಉಸ್ತಾದರ ಬಳಿ ಕೇಳಿಕೊಳ್ಳುವುದು ಒಳ್ಳೆಯದು. ಈ ಲೇಖನ ಹೇಳುವುದು ಯಾವ ತಿಂಡಿಯಲ್ಲಿ ಏನಿದೆ ಎಂಬುದನ್ನು ಮಾತ್ರ.

ಮೀನಿನ ವಿಷಯದಲ್ಲಿ ನಮಗೆ ಸಲೀಸು. ಶಾಫಿಈ ಮದ್ಹಬ್ ಪಾಲಿಸುವ ಕರಾವಳಿಯವರಿಗೆ ಕಡಲಿನ ಆಹಾರದಲ್ಲಿ ಆಯ್ಕೆ ವಿಶಾಲ. ಮತ್ತು ಪಲೆರ್ಮೊ ಮೊದಲಿನಿಂದಲೂ ಮೀನಿನ ಊರು.

ಬಲ್ಲಾರೊ ಸಂತೆ

ರೈಲು ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ, ಅಲ್ಬೆರ್ಗೆರಿಯ ಎಂಬ ಹಳೆಯ ಕೇರಿಯಲ್ಲಿ ಬಲ್ಲಾರೊ ಸಂತೆ ನಡೆಯುತ್ತದೆ. ಪಲೆರ್ಮೊದ ಸಂತೆಗಳಲ್ಲಿ ಅತಿ ಹಳೆಯದು. ಬಣ್ಣದ ತಾಡಪಾಲಿನ ಕೆಳಗೆ ತರಕಾರಿ, ಮೀನು, ಆಲಿವ್, ಒಣಹಣ್ಣು, ಕೂಗಿ ಕರೆಯುವ ವ್ಯಾಪಾರಿಗಳು. ಆ ಕೂಗಿಗೆ ಅಲ್ಲಿ ‘ಅಬ್ಬನ್ನಿಯಾತ’ ಅನ್ನುತ್ತಾರೆ.

ಬಲ್ಲಾರೊ ಎಂಬ ಹೆಸರಿನ ಮೂಲದ ಬಗ್ಗೆ ಎರಡು ವಾದಗಳಿವೆ. ಮೊನ್ರಿಯಾಲೆ ಸಮೀಪದ ಬಹ್ಲರಾ ಎಂಬ ಹಳ್ಳಿಯ ವ್ಯಾಪಾರಿಗಳಿಂದ ಬಂದ ಹೆಸರು ಎನ್ನುವುದು ಒಂದು. ಇನ್ನೊಂದು ವಾದ ಕನ್ನಡಿಗರ ಕಿವಿ ನೆಟ್ಟಗಾಗುವಂಥದ್ದು. ಅರಬ್ ಬರಹಗಾರರು ದಖ್ಖನಿನ ರಾಜರನ್ನು ‘ಬಲ್ಹರಾ’ ಎಂದು ಕರೆಯುತ್ತಿದ್ದರು. ಇದು ವಲ್ಲಭರಾಜ ಎಂಬ ಬಿರುದಿನ ಅರಬಿ ರೂಪ. ಆ ರಾಜರು ಬೇರೆ ಯಾರೂ ಅಲ್ಲ, ಮಾನ್ಯಖೇಟದ, ಅಂದ್ರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರು. ಅವರ ನಾಡಿನ ಸಂಬಾರ ಪದಾರ್ಥ ಮಾರುತ್ತಿದ್ದ ಸಂತೆಯಾದ್ದರಿಂದ ಈ ಹೆಸರು ಬಂತು ಎನ್ನುತ್ತದೆ ಆ ವಾದ. ಇದು ಸಾಬೀತಾದ ಸಂಗತಿಯಲ್ಲ. ಆದರೂ ಪಲೆರ್ಮೊದಲ್ಲಿ ಇದನ್ನು ಹೇಳುವವರಿದ್ದಾರೆ.

ಇಲ್ಲಿ ಮೊದಲು ತಿನ್ನಬೇಕಾದದ್ದು ‘ಪನೆಲ್ಲೆ’. ಕಡ್ಲೆ ಹಿಟ್ಟನ್ನು ನೀರಿನಲ್ಲಿ ಗಂಟಾಗದಂತೆ ಕದಡಿ, ಉಪ್ಪು ಹಾಕಿ, ಒಲೆಯ ಮೇಲೆ ಗಟ್ಟಿಯಾಗುವ ತನಕ ತಿರುವಿ, ಹರಡಿ, ತಣಿದ ಮೇಲೆ ತೆಳ್ಳಗೆ ತುಂಡು ಮಾಡಿ ಎಣ್ಣೆಯಲ್ಲಿ ಕರಿಯುತ್ತಾರೆ. ಮೇಲೆ ಕೊತ್ತಂಬರಿಯಂಥ ಪಾರ್ಸ್ಲಿ ಸೊಪ್ಪು, ನಿಂಬೆ ರಸ. ನಮ್ಮ ಪೋಡಿ ತಿಂದವರಿಗೆ ರುಚಿ ಗುರುತು ಸಿಗುತ್ತದೆ, ಆದರೆ ಖಾರ ಇಲ್ಲ. ಇದನ್ನು ಎಳ್ಳು ಉದುರಿಸಿದ ರೊಟ್ಟಿಯ ಮಧ್ಯೆ ಇಟ್ಟು ಕೊಡುತ್ತಾರೆ. ಅದಕ್ಕೆ ‘ಪಾನೆ ಎ ಪನೆಲ್ಲೆ’ ಎಂದು ಹೆಸರು. ಕೂಲಿಯವರಿಂದ ಹಿಡಿದು ವಕೀಲರ ತನಕ ಎಲ್ಲರ ಮಧ್ಯಾಹ್ನದ ತಿಂಡಿ. ಪನೆಲ್ಲೆಯ ಮೂಲ ಅರಬರ ಕಾಲದ್ದು ಎಂದು ಅಲ್ಲಿನವರೇ ಹೇಳುತ್ತಾರೆ.

ಜೊತೆಗೆ ‘ಕ್ರೊಕ್ಕೆ’ ಸಿಗುತ್ತದೆ. ಬೇಯಿಸಿದ ಆಲೂಗಡ್ಡೆಗೆ ಪುದಿನ ಅಥವಾ ಪಾರ್ಸ್ಲಿ ಸೇರಿಸಿ ಬೆರಳಿನ ಆಕಾರದಲ್ಲಿ ಕರಿದದ್ದು. ಎರಡಕ್ಕೂ ಒಂದೇ ಪ್ರಶ್ನೆ: ಯಾವ ಎಣ್ಣೆಯಲ್ಲಿ ಕರಿಯುತ್ತೀರಿ? ‘ಓಲಿಯೊ ದಿ ಸೆಮಿ’ ಎಂದರೆ ಬೀಜದ ಎಣ್ಣೆ, ಚಿಂತೆ ಇಲ್ಲ. ಹಾಗೆಯೇ ಅದೇ ಬಾಣಲೆಯಲ್ಲಿ ಹಂದಿ ಮಾಂಸ ತುಂಬಿದ ತಿಂಡಿ ಕರಿಯುತ್ತಾರೆಯೇ ಎಂದು ನೋಡಿಕೊಳ್ಳಿ. ರೊಟ್ಟಿಯಲ್ಲಿ ಎರಡು ಬಗೆ ಇದ್ದರೆ ‘ಮಫಾಲ್ದ’ ಎಂಬ ಗಟ್ಟಿ ಹೊರಪದರದ ಎಳ್ಳು ರೊಟ್ಟಿ ಕೇಳಿ. ತೀರಾ ಮೆತ್ತಗಿನ ಬನ್‌ನಲ್ಲಿ ಸ್ತ್ರುತ್ತೊ ಇರುವ ಸಾಧ್ಯತೆ ಹೆಚ್ಚು.

ಬಲ್ಲಾರೊ ಸುತ್ತ ಇಂದು ಬಾಂಗ್ಲಾದೇಶ, ಶ್ರೀಲಂಕಾ, ಟ್ಯುನೀಷಿಯಾ, ಘಾನಾ, ನೈಜೀರಿಯಾದಿಂದ ಬಂದವರು ನೆಲೆಸಿದ್ದಾರೆ. ಹಲಾಲ್ ಮಾಂಸದ ಅಂಗಡಿಗಳು ಇಲ್ಲಿವೆ. ಅಡುಗೆ ಮಾಡಿಕೊಳ್ಳುವ ವ್ಯವಸ್ಥೆ ಇರುವ ರೂಮಿನಲ್ಲಿ ಉಳಿದವರಿಗೆ ಇದು ದೊಡ್ಡ ಅನುಕೂಲ. ಇದೇ ಕೇರಿಯಲ್ಲಿ 2014ರಲ್ಲಿ ಶುರುವಾದ ‘ಮೊಲ್ತಿವೊಲ್ತಿ’ ಎಂಬ ಹೋಟೆಲ್ ಇದೆ. ಬೇರೆ ಬೇರೆ ದೇಶಗಳಿಂದ ಬಂದವರು ಸೇರಿ ನಡೆಸುವ ಇಲ್ಲಿ ಸಿಸಿಲಿಯ ಅಡುಗೆಯ ಪಕ್ಕದಲ್ಲೇ ಆಫ್ರಿಕಾ, ಏಷ್ಯಾದ ಅಡುಗೆಯೂ ಸಿಗುತ್ತದೆ. ವಲಸಿಗರೇ ಹೆಚ್ಚಿರುವ ಕೇರಿಯಾದ್ದರಿಂದ ಇಲ್ಲಿ ಹಂದಿ ಬಗ್ಗೆ ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಕಾಪೊ ಮತ್ತು ವುಚ್ಚಿರಿಯ

ಮಾಸ್ಸಿಮೊ ಎಂಬ ದೊಡ್ಡ ರಂಗಮಂದಿರದ ಹಿಂಭಾಗದಲ್ಲಿ ಕಾಪೊ ಸಂತೆ. ಬೆಳಗ್ಗೆ ಹೋದರೆ ಮೀನು ನೋಡುವುದೇ ಒಂದು ಖುಷಿ. ಕತ್ತಿ ಮೀನಿನ ತಲೆಯನ್ನು ಮೂತಿ ಮೇಲಕ್ಕೆ ನಿಲ್ಲಿಸಿರುತ್ತಾರೆ, ಪಕ್ಕದಲ್ಲಿ ಬೆಳ್ಳಿಯಂತೆ ಹೊಳೆಯುವ ಸಾರ್ದೆ, ಅಂದ್ರೆ ನಮ್ಮ ಬೂತಾಯಿಯ ಬಳಗದ ಮೀನು. ಸಂತೆಯೊಳಗೇ ದಾಳಿಂಬೆ, ಕಿತ್ತಳೆ ಹಿಂಡಿ ರಸ ಕೊಡುತ್ತಾರೆ.

ವುಚ್ಚಿರಿಯ ಒಂದು ಕಾಲದ ದೊಡ್ಡ ಸಂತೆ. ಕಲಾವಿದ ರೆನಾತೊ ಗುತ್ತೂಸೊ 1974ರಲ್ಲಿ ಬಿಡಿಸಿದ ಚಿತ್ರದಿಂದ ಅದರ ಹೆಸರು ಇನ್ನಷ್ಟು ಹಬ್ಬಿತು. ಈಗ ಅಲ್ಲಿ ಸಂತೆ ಕುಗ್ಗಿದೆ. ರಾತ್ರಿಯಾದರೆ ಮದ್ಯ, ಸಂಗೀತದ ಗದ್ದಲವೇ ಹೆಚ್ಚು. ಹೋಗುವುದಾದರೆ ಹಗಲು ಹೊತ್ತು ಹೋಗಿ, ಬೇಯಿಸಿದ ಆಕ್ಟೋಪಸ್ ಕೇಳಿ. ಉಪ್ಪು ನೀರಿನಲ್ಲಿ ಬೇಯಿಸಿ, ನಿಮ್ಮ ಎದುರೇ ತುಂಡು ಮಾಡಿ, ನಿಂಬೆ ಹಿಂಡಿ ಕೊಡುತ್ತಾರೆ. ಬೇರೇನೂ ಸೇರಿಸುವುದಿಲ್ಲ.

ಈ ಬೀದಿಗಳಲ್ಲಿ ಹೊಗೆ ಎದ್ದ ಕಡೆ ‘ಸ್ತಿಗ್ಗಿಯೋಲ’ ಸುಡುತ್ತಿರುತ್ತಾರೆ. ಕುರಿಮರಿಯ ಬೊಟ್ಟಿಯನ್ನು ಈರುಳ್ಳಿ ಹೂವಿಗೆ ಸುತ್ತಿ ಕೆಂಡದಲ್ಲಿ ಸುಡುವುದು. ಹಂದಿಯಲ್ಲ, ಆದರೆ ಝಬೀಹದ ಪ್ರಶ್ನೆ ಇದ್ದೇ ಇದೆ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಒಳಗೆ ಕೈ ಹಾಕಿ ತೆಗೆದುಕೊಡುವ ‘ಫ್ರಿತ್ತೊಲ’ ಕಂಡರೆ ಮುಂದೆ ಹೋಗಿ. ಅದು ಕರುವಿನ ಮಾಂಸದ ಚೂರುಗಳನ್ನು ಸ್ತ್ರುತ್ತೊದಲ್ಲಿ ಹುರಿದದ್ದು.

ಮೂರು ಚಕ್ರದ ಗಾಡಿಯಲ್ಲಿ ಧ್ವನಿವರ್ಧಕ ಹಾಕಿಕೊಂಡು ಬರುವವರು ‘ಸ್ಫಿಂಚೋನೆ’ ಮಾರುತ್ತಾರೆ. ದಪ್ಪಗೆ ಸ್ಪಂಜಿನಂತೆ ಉಬ್ಬಿದ ರೊಟ್ಟಿಯ ಮೇಲೆ ಟೊಮ್ಯಾಟೊ, ಬೇಕಾದಷ್ಟು ಈರುಳ್ಳಿ, ಆಂಚೊವಿ ಮೀನು, ಚೀಸ್, ರೊಟ್ಟಿ ಪುಡಿ. ಇಬ್ನ್ ಹೌಕಲ್ ಇಂದು ಬಂದರೂ ಇದನ್ನು ನೋಡಿ ತಲೆ ಅಲ್ಲಾಡಿಸುತ್ತಿದ್ದ! ಮಾಂಸ ಇಲ್ಲ. ಆದರೆ ಕೆಲವರು ಹಿಟ್ಟಿಗೆ ಆಲಿವ್ ಎಣ್ಣೆ, ಕೆಲವರು ಸ್ತ್ರುತ್ತೊ ಹಾಕುತ್ತಾರೆ. ಕೇಳಿಯೇ ತಿನ್ನಿ.

ಕಲ್ಸಾ: ಹೆಸರಲ್ಲೇ ಅರಬಿ

ಬಂದರಿನ ಪಕ್ಕದ ಕಲ್ಸಾ ಕೇರಿಯ ಹೆಸರು ಅಲ್ ಖಾಲಿಸ ಎಂಬ ಅರಬಿ ಪದದಿಂದ ಬಂದದ್ದು. 10ನೇ ಶತಮಾನದಲ್ಲಿ ಅಮೀರರು ಕಟ್ಟಿಸಿದ ಕೋಟೆ ಬಡಾವಣೆ ಅದು. ಇಲ್ಲಿನ ಪಿಯಾಝ್ಝ ಕಲ್ಸಾದಲ್ಲಿ ‘ಕಿಲುಝ್ಝೊ’ ಎಂಬ ತಳ್ಳುಗಾಡಿಯಂಥ ಅಂಗಡಿ ಪನೆಲ್ಲೆಗೆ ಹೆಸರುವಾಸಿ.

ಸ್ವಲ್ಪ ದೂರದಲ್ಲಿ, ಸಾನ್ ಫ್ರಾಂಚೆಸ್ಕೊ ಚರ್ಚಿನ ಎದುರು 1834ರಿಂದ ನಡೆಯುತ್ತಿರುವ ‘ಅಂತೀಕ ಫೊಕಾಚ್ಚೆರಿಯ ಸಾನ್ ಫ್ರಾಂಚೆಸ್ಕೊ’ ಇದೆ. ಪ್ರವಾಸಿಗರು ಮುಗಿಬೀಳುವುದು ಇಲ್ಲಿನ ‘ಪಾನಿ ಕಾ ಮೇವುಸ’ಕ್ಕೆ. ಕರುವಿನ ಗುಲ್ಮ ಮತ್ತು ಶ್ವಾಸಕೋಶವನ್ನು ಬೇಯಿಸಿ, ತೆಳ್ಳಗೆ ಕತ್ತರಿಸಿ, ಸ್ತ್ರುತ್ತೊದಲ್ಲಿ ಬಾಡಿಸಿ ಬನ್ನಿನಲ್ಲಿ ಇಡುವುದು. ಇದರ ಹಿಂದೆ ಒಂದು ಕಥೆ ಇದೆ. ಪಲೆರ್ಮೊದ ಯಹೂದಿ ಕಟುಕರು ಕೂಲಿಯಾಗಿ ಹಣದ ಬದಲು ಈ ಅಂಗಗಳನ್ನು ಪಡೆಯುತ್ತಿದ್ದರು, ಅದನ್ನು ಬೇಯಿಸಿ ಮಾರುವ ರೂಢಿ ಅವರಿಂದ ಶುರುವಾಯಿತು ಎನ್ನುತ್ತಾರೆ. 1492ರ ಸ್ಪೇನ್ ರಾಜಾಜ್ಞೆಯಿಂದ ಯಹೂದಿಗಳು ಸಿಸಿಲಿ ಬಿಡಬೇಕಾಯಿತು. ತಿಂಡಿ ಮಾತ್ರ ಉಳಿದು, ಅವರೇ ತಿನ್ನಲಾಗದ ಹಂದಿ ಕೊಬ್ಬು ಅದಕ್ಕೆ ಸೇರಿತು! ನಮಗೂ ಇದು ಆಗದು. ಅದೇ ಅಂಗಡಿಯಲ್ಲಿ ಪನೆಲ್ಲೆ, ಕಪೊನಾತ ಸಿಗುತ್ತವೆ.

ಕಪೊನಾತ ಅಂದರೆ ಬದನೆಯ ತುಂಡುಗಳನ್ನು ಕರಿದು ಸೆಲೆರಿ, ಆಲಿವ್, ಕೇಪರ್ ಮೊಗ್ಗು, ಟೊಮ್ಯಾಟೊ ಜೊತೆ ಹುಳಿ ಸಿಹಿಯಾಗಿ ಮಾಡಿದ ಪಲ್ಯ. ತಣ್ಣಗೆ ಬಡಿಸುತ್ತಾರೆ. ಹುಳಿಗೆ ದ್ರಾಕ್ಷಿಯ ವಿನೆಗರ್ ಬಳಸುತ್ತಾರೆ ಎಂಬುದು ಗೊತ್ತಿರಲಿ.

ಕುಳಿತು ಊಟ ಮಾಡುವುದಾದರೆ

ಮನೆಯೂಟದ ತರಹದ ಸಣ್ಣ ಹೋಟೆಲಿಗೆ ‘ತ್ರಾತ್ತೊರಿಯ’ ಎಂದು ಹೆಸರು. ಬೊರ್ಗೊ ವೆಕ್ಕಿಯೊ ಎಂಬ ಬಂದರು ಕೇರಿಯಲ್ಲಿ 1951ರಿಂದ ಇರುವ ‘ಪಿಕ್ಕೊಲೊ ನಾಪೊಲಿ’ ಮೀನೂಟಕ್ಕೆ ಪ್ರಸಿದ್ಧ. ಊರಿನ ಮುಖ್ಯ ರಸ್ತೆಯಲ್ಲಿರುವ ‘ಕಾಸಾ ದೆಲ್ ಬ್ರೊದೊ’ 1890ರದ್ದು. ಅದರ ಹೆಸರೇ ಮಾಂಸದ ಸಾರಿನದ್ದು. ಅಲ್ಲೂ ಮೀನು, ತರಕಾರಿ ಸಿಗುತ್ತದೆ. ದೊಡ್ಡ ಹೆಸರಿನ ಹೋಟೆಲ್‌ಗೇ ಹೋಗಬೇಕೆಂದಿಲ್ಲ. ಸಂತೆಯ ಅಂಚಿನ ಯಾವ ತ್ರಾತ್ತೊರಿಯದಲ್ಲೂ ಕೆಳಗಿನ ಪದಾರ್ಥಗಳು ಸಿಗುತ್ತವೆ.

ಪಾಸ್ತಾ ಕೊನ್ ಲೆ ಸಾರ್ದೆ: ಪಲೆರ್ಮೊದ ಹೆಮ್ಮೆಯ ಊಟ. ಬೂತಾಯಿಯಂಥ ತಾಜಾ ಮೀನು, ಕಾಡು ಬಡೇಸೊಪ್ಪಿನ ಎಲೆ, ಒಣ ದ್ರಾಕ್ಷಿ, ಪೈನ್ ಬೀಜ, ಕೇಸರಿ, ಮೇಲೆ ಹುರಿದ ರೊಟ್ಟಿ ಪುಡಿ. ಮೀನಿಗೆ ದ್ರಾಕ್ಷಿಯಾ ಎಂದು ಹಿಂಜರಿಯಬೇಡಿ. ಹುಳಿ, ಸಿಹಿ, ಉಪ್ಪು ಒಟ್ಟಿಗೆ ಬರುವ ಈ ರುಚಿಯನ್ನು ಅಲ್ಲಿನವರು ಅರಬರ ಬಳುವಳಿ ಎಂದೇ ಹೇಳುತ್ತಾರೆ. 827ರಲ್ಲಿ ಬಂದಿಳಿದ ಸೇನೆಯ ಅಡುಗೆಯವನು ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಮಾಡಿದ ಅಡುಗೆ ಇದು ಎಂಬ ದಂತಕಥೆಯೂ ಇದೆ. ಬಡೇಸೊಪ್ಪು ಚಿಗುರುವ ವಸಂತ ಕಾಲದಲ್ಲಿ ಇದರ ರುಚಿ ಜಾಸ್ತಿ.

ಸಾರ್ದೆ ಅ ಬೆಕ್ಕಾಫೀಕೊ: ಅದೇ ಮೀನನ್ನು ಬಿಡಿಸಿ, ಒಳಗೆ ರೊಟ್ಟಿ ಪುಡಿ, ಒಣ ದ್ರಾಕ್ಷಿ, ಪೈನ್ ಬೀಜ ಇಟ್ಟು ಸುರುಳಿ ಸುತ್ತಿ, ನಡುವೆ ಲಾರೆಲ್ ಎಲೆ ಸಿಕ್ಕಿಸಿ ಒವನ್‌ನಲ್ಲಿ ಬೇಯಿಸಿದ್ದು.

ಪಾಸ್ತಾ ಕೊಯ್ ತೆನೆರೂಮಿ: ಬೇಸಗೆಯ ಅಡುಗೆ. ತೆನೆರೂಮಿ ಅಂದರೆ ಸೋರೆಕಾಯಿ ಬಳ್ಳಿಯ ಕುಡಿ, ಎಲೆ. ಸೊಪ್ಪಿನ ಸಾರಿನಂತೆ ನೀರಾಗಿ ಇರುತ್ತದೆ. ಚಳಿಗಾಲದಲ್ಲಾದರೆ ‘ಮಾಕ್ಕೊ’ ಕೇಳಿ, ಒಣ ಅವರೆಯಂಥ ಫಾವಾ ಕಾಳಿನ ಗಟ್ಟಿ ಸಾರು. ಎರಡರಲ್ಲೂ ಹಂದಿ ಮಾಂಸದ ಚೂರು ಹಾಕಿಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳಿ.

ಕೆಂಡದ ಮೀನು: ‘ಅಲ್ಲ ಗ್ರಿಲ್ಯ’ ಎಂದರೆ ಸುಟ್ಟದ್ದು. ಮೇಲೆ ಆಲಿವ್ ಎಣ್ಣೆ, ನಿಂಬೆ, ಬೆಳ್ಳುಳ್ಳಿ, ಒರೆಗಾನೊ ಹಾಕುತ್ತಾರೆ. ವೈನ್ ಚಿಂತೆ ಬೇಡ ಎನ್ನುವವರಿಗೆ ಇದು ಎಲ್ಲಕ್ಕಿಂತ ಸಲೀಸು. ಚಿಪ್ಪು ಮೀನಿನ ಪಾಸ್ತಾ ಮತ್ತು ರಿಸೊತ್ತೊ ಮಾತ್ರ ಕೇಳದೆ ಆರ್ಡರ್ ಮಾಡಬೇಡಿ, ವೈನ್ ಹೆಚ್ಚಾಗಿ ಬರುವುದು ಅವುಗಳಲ್ಲೇ.

ಅರಾಂಚೀನ: ಕೇಸರಿ ಹಾಕಿದ ಅನ್ನದ ಉಂಡೆಯೊಳಗೆ ಮಸಾಲೆ ತುಂಬಿ, ರೊಟ್ಟಿ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಹೆಸರಿನ ಅರ್ಥ ಪುಟ್ಟ ಕಿತ್ತಳೆ. ‘ಅಲ್ ಬುರ್ರೊ’, ಅಂದ್ರೆ ಬೆಣ್ಣೆಯದ್ದು ಎಂದು ಕೇಳಿ ನಿರಾಳವಾಗಬೇಡಿ, ಅದರೊಳಗೆ ಪ್ರೊಶುತ್ತೊ ಇರುತ್ತದೆ! ‘ಅಲ್ಲ ಕಾರ್ನೆ’ಯಲ್ಲಿ ದನ, ಹಂದಿ ಮಾಂಸ ಬೆರೆಸುವುದುಂಟು. ಪಾಲಕ್ ಅಥವಾ ಮೀನಿನದ್ದು ಸಿಕ್ಕಿದರೆ ವಿಚಾರಿಸಿ ತಿನ್ನಬಹುದು.

ಸಿಹಿ ತಿಂಡಿ

ಸಿಸಿಲಿಯ ಸಿಹಿ ಅಂದರೆ ಎಲ್ಲರ ಬಾಯಲ್ಲೂ ‘ಕಾನ್ನೊಲೊ’. ಕುರಿ ಹಾಲಿನ ರಿಕೊತ್ತ ತುಂಬಿದ ಗರಿಗರಿ ಕೊಳವೆ. ನಮ್ಮವರು ಹೆಚ್ಚು ಎಚ್ಚರದಿಂದ ಇರಬೇಕಾದದ್ದೂ ಇದರ ಬಗ್ಗೆಯೇ. ಹಳೆಯ ಕ್ರಮದಲ್ಲಿ ಆ ಕೊಳವೆಯ ಹಿಟ್ಟಿಗೆ ಸ್ತ್ರುತ್ತೊ ಮತ್ತು ಮಾರ್ಸಾಲ ವೈನ್ ಎರಡೂ ಬೀಳುತ್ತವೆ, ಕರಿಯುವುದೂ ಸ್ತ್ರುತ್ತೊದಲ್ಲೇ. ಅಂಗಡಿಯವರು ಸ್ಪಷ್ಟವಾಗಿ ಇಲ್ಲ ಎಂದರೆ ಮಾತ್ರ ತಿನ್ನಿ.

‘ಕಸ್ಸಾತ’ ಎಂಬ ಹೆಸರು ಅರಬಿಯ ಕಸ್‌ಅ, ಅಂದ್ರೆ ಅಗಲ ಬಟ್ಟಲು ಎಂಬ ಪದದಿಂದ ಬಂತು ಎನ್ನುತ್ತಾರೆ. ರಿಕೊತ್ತ, ಬಾದಾಮಿ ಹಿಟ್ಟಿನ ಹಸಿರು ಹೊದಿಕೆ, ಸಕ್ಕರೆ ಪಾಕದ ಹಣ್ಣು. ನಮ್ಮೂರಿನ ಐಸ್‌ಕ್ರೀಮ್ ಕಸಾಟ ಇದರ ದೂರದ ನೆಂಟ. ಒಳಗಿನ ಕೇಕಿಗೆ ಮದ್ಯ ಚಿಮುಕಿಸುವುದುಂಟು, ಕೇಳಿಕೊಳ್ಳಿ.

ಬಾದಾಮಿಯ ಸಿಹಿಗಳು ಹೆಚ್ಚು ಸುರಕ್ಷಿತ. ಬಾದಾಮಿ, ಸಕ್ಕರೆಯಿಂದ ಹಣ್ಣಿನ ಆಕಾರದಲ್ಲಿ ಮಾಡಿದ ‘ಫ್ರುತ್ತ ಮಾರ್ತೊರಾನ’, ಬಾದಾಮಿ ಹಾಲಿಗೆ ಪಿಷ್ಟ ಹಾಕಿ ಗಟ್ಟಿ ಮಾಡಿದ ‘ಬಿಯಾಂಕೊಮಾಂಜಾರೆ’, ಕಲ್ಲಂಗಡಿ ರಸಕ್ಕೆ ಪಿಷ್ಟ, ಮಲ್ಲಿಗೆಯ ಪರಿಮಳ ಸೇರಿಸಿದ ‘ಜೆಲೊ ದಿ ಮೆಲ್ಲೋನೆ’. ಈ ಕೊನೆಯ ಎರಡನ್ನು ಹಳೆಯ ಕ್ರಮದಲ್ಲಿ ಜೆಲಾಟಿನ್ ಇಲ್ಲದೆಯೇ ಮಾಡುತ್ತಾರೆ. ಪಿಯಾಝ್ಝ ಬೆಲ್ಲೀನಿಯ ಸಾಂತ ಕತರೀನ ಕ್ರೈಸ್ತ ಸನ್ಯಾಸಿನಿಯರ ಮಠ 2017ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಅದರೊಳಗಿನ ‘ಈ ಸೆಗ್ರೇತಿ ದೆಲ್ ಕಿಯೋಸ್ತ್ರೊ’ ಅಂಗಡಿಯಲ್ಲಿ ಸನ್ಯಾಸಿನಿಯರು ಮಾಡುತ್ತಿದ್ದ ಹಳೆಯ ಸಿಹಿಗಳು ಸಿಗುತ್ತವೆ.

ಸೆಖೆಗೆ ‘ಗ್ರನೀತ’: ನಿಂಬೆ, ಬಾದಾಮಿ, ಹಿಪ್ಪುನೇರಳೆ ರಸದ ಹಿಮ. ಜೊತೆಗೆ ಕೊಡುವ ಬ್ರಿಯೋಶ್ ಬನ್‌ನಲ್ಲಿ ಬೆಣ್ಣೆಯೋ ಸ್ತ್ರುತ್ತೊವೋ ಕೇಳಿ. ಬೀದಿ ಬದಿಯ ಗೂಡಂಗಡಿಯಲ್ಲಿ ನೀರಿಗೆ ಒಂದೆರಡು ಹನಿ ಹಾಕಿದ ಕೂಡಲೇ ಹಾಲಿನಂತೆ ಬೆಳ್ಳಗಾಗುವ ಪಾನೀಯ ಕಂಡರೆ ಶರಬತ್ತು ಎಂದುಕೊಳ್ಳಬೇಡಿ. ಅದು ‘ಝಮ್ಮು’ ಎಂಬ ಸೋಂಪಿನ ಮದ್ಯ.

ಒಂದು ದಿನ ಹೆಚ್ಚಿದ್ದರೆ ಟ್ರಾಪನಿ

ಪಲೆರ್ಮೊದಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಟ್ರಾಪನಿ ಎಂಬ ಬಂದರು ಪಟ್ಟಣವಿದೆ. ಅಲ್ಲಿನ ಮನೆಯೂಟ ಕುಸ್‌ಕುಸ್. ರವೆಗೆ ನೀರು ಚಿಮುಕಿಸಿ, ಮಣ್ಣಿನ ಅಗಲ ಪಾತ್ರೆಯಲ್ಲಿ ಬೆರಳಿನಿಂದ ಉಜ್ಜಿ ಸಣ್ಣ ಕಾಳು ಮಾಡಿ, ಹಬೆಯಲ್ಲಿ ಬೇಯಿಸುತ್ತಾರೆ. ಉತ್ತರ ಆಫ್ರಿಕಾದಲ್ಲಿ ಹೆಚ್ಚಾಗಿ ಮಾಂಸದ ಜೊತೆ ತಿನ್ನುವುದನ್ನು ಇಲ್ಲಿ ಮೀನು ಸಾರಿನೊಂದಿಗೆ ತಿನ್ನುತ್ತಾರೆ. ಸಮೀಪದ ಸಾನ್ ವೀತೊ ಲೊ ಕಾಪೊದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಕುಸ್‌ಕುಸ್ ಹಬ್ಬವೇ ನಡೆಯುತ್ತದೆ.

ಕೇಳುವುದು ಹೇಗೆ?

ಪಲೆರ್ಮೊದ ಸಂತೆಯಲ್ಲಿ ಇಂಗ್ಲಿಷ್ ಎಲ್ಲರಿಗೂ ಬರುವುದಿಲ್ಲ. ಈ ಕೆಲವು ಮಾತು ಸಾಕು:

‘ಚೆ ಲೊ ಸ್ತ್ರುತ್ತೊ?’ – ಹಂದಿ ಕೊಬ್ಬು ಇದೆಯಾ?
‘ಚೆ ಮಯಾಲೆ?’ – ಹಂದಿ ಮಾಂಸ ಇದೆಯಾ?
‘ಚೆ ವೀನೊ?’ – ವೈನ್ ಇದೆಯಾ?
‘ಇನ್ ಕೆ ಓಲಿಯೊ ಫ್ರಿಜ್ಜೆತೆ?’ – ಯಾವ ಎಣ್ಣೆಯಲ್ಲಿ ಕರಿಯುತ್ತೀರಿ?
‘ನೊನ್ ಮಾಂಜೊ ಮಯಾಲೆ’ – ನಾನು ಹಂದಿ ತಿನ್ನುವುದಿಲ್ಲ.

ಬರೀ ‘ಮಾಂಸ ಇದೆಯಾ’ ಎಂದು ಕೇಳಿದರೆ ‘ಇಲ್ಲ’ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಕೊಬ್ಬು ಮಾಂಸವಲ್ಲ, ಪ್ರೊಶುತ್ತೊವನ್ನೂ ಕೆಲವರು ಬೇರೆಯಾಗಿಯೇ ಎಣಿಸುತ್ತಾರೆ. ಸುಳ್ಳು ಹೇಳಿದರು ಎಂದಲ್ಲ, ಪ್ರಶ್ನೆ ಸರಿಯಾಗಿರಬೇಕು ಅಷ್ಟೇ. ಅಂಗಡಿಯಿಂದ ಅಂಗಡಿಗೆ ಕ್ರಮ ಬೇರೆ, ಅಡುಗೆಯವನು ಬದಲಾದರೆ ಅದೇ ಅಂಗಡಿಯಲ್ಲೂ ಬೇರೆ. ಹಾಗಾಗಿ ಮೇಲೆ ಹೇಳಿದ ಹೆಸರುಗಳಲ್ಲೂ ಪ್ರತಿ ಸಲ ಕೇಳಿ.

ಹೊತ್ತಿನ ವಿಷಯ: ಸಂತೆ ನೋಡಲು ಬೆಳಗ್ಗೆ ಹೋಗಿ. ಮಧ್ಯಾಹ್ನದ ಊಟ 1ರಿಂದ 3 ಗಂಟೆ, ರಾತ್ರಿಯದ್ದು 8ರ ನಂತರ. ನಡುವೆ ಹಲವು ತ್ರಾತ್ತೊರಿಯ ಬಾಗಿಲು ಹಾಕಿರುತ್ತವೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಒಂದೆರಡು ಯೂರೊ ಕಂಡರೆ ಜಗಳ ಬೇಡ, ಅದು ಮೇಜಿನ ಶುಲ್ಕ.

ಊಟದ ನಡುವಿನ ಬಿಡುವಿನಲ್ಲಿ ಪಲೆರ್ಮೊದ ಮುಖ್ಯ ಚರ್ಚಿಗೆ ಹೋಗಿ ಬನ್ನಿ. 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅರಬ್ ನಾರ್ಮನ್ ಕಟ್ಟಡಗಳಲ್ಲಿ ಅದೂ ಒಂದು. ದಕ್ಷಿಣದ ಮಂಟಪದ ಎಡಗಡೆಯ ಕಂಬವನ್ನು ಗಮನವಿಟ್ಟು ನೋಡಿದರೆ ಅರಬಿ ಅಕ್ಷರ ಕಾಣುತ್ತದೆ. ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 54ನೇ ಸೂಕ್ತ ಅದು. ಅಲ್ಲಿಂದ ಬಲ್ಲಾರೊ ಸಂತೆಗೆ ನಡೆದೇ ಹೋಗಬಹುದು. ಪನೆಲ್ಲೆ ಬಿಸಿ ಇರುವಾಗಲೇ ತಿನ್ನಿ, ತಣಿದರೆ ರಬ್ಬರಿನಂತಾಗುತ್ತದೆ.